ಹುಡುಕಿದವರ ಲೆಕ್ಕ



ಮನೆಗೆ ಹೊಸ ಸ್ಕೂಟರ್ ತರಬೇಕು ಅಂತ ಮಾತು ಶುರುವಾಗಿದೆ ಅಂದುಕೊಳ್ಳಿ. ಶೋರೂಮಿಗೆ ಹೋಗುವ ಮೊದಲೇ ಯಾರೋ ಒಬ್ಬರು ಫೋನ್ ಕೈಗೆತ್ತಿಕೊಳ್ಳುತ್ತಾರೆ. ಒಂದು ಕಂಪನಿಯ ಹೆಸರು ಟೈಪ್ ಮಾಡುತ್ತಾರೆ. ಬೆಲೆ ನೋಡುತ್ತಾರೆ, ಮೈಲೇಜ್ ನೋಡುತ್ತಾರೆ. ಆಮೇಲೆ ಇನ್ನೊಂದು ಕಂಪನಿಯ ಹೆಸರು. ಐದು ನಿಮಿಷದ ಕೆಲಸ. ಹುಡುಕಿದವರು ಅದನ್ನು ಅವತ್ತೇ ಮರೆತುಬಿಡುತ್ತಾರೆ. ಆದರೆ ಆ ಎರಡೂ ಹೆಸರು ಒಂದು ಲೆಕ್ಕಕ್ಕೆ ಸೇರಿಹೋಗಿರುತ್ತವೆ.

ಆ ಲೆಕ್ಕ ಮುಂದೊಂದು ದಿನ ಯಾವುದೋ ಕಂಪನಿಯ ಸಭೆಗೆ ಬರುತ್ತದೆ. "ಈ ತಿಂಗಳು ನಮ್ಮ ಹೆಸರನ್ನು ಇಷ್ಟು ಸಾವಿರ ಜನ ಹುಡುಕಿದ್ದಾರೆ. ಹೋದ ವರ್ಷಕ್ಕಿಂತ ಹೆಚ್ಚು. ಅಂದರೆ ನಮ್ಮ ಬ್ರ್ಯಾಂಡ್ ಬೆಳೆದಿದೆ." ಹೀಗೆ ಒಬ್ಬರು ಹೇಳುತ್ತಾರೆ. ಉಳಿದವರು ತಲೆದೂಗುತ್ತಾರೆ. ಮುಂದಿನ ವರ್ಷದ ಜಾಹೀರಾತಿನ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಈ ಹೊತ್ತಿನ ನನ್ನ ಮಾತು ಆ "ಇಷ್ಟು ಸಾವಿರ"ದ ಬಗ್ಗೆ. ಅದನ್ನು ಎಣಿಸಿದವರು ಯಾರು? ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು? ಯಾವ ಕೆಲಸಕ್ಕೆಂದು ಎಣಿಸಿದರು? ಈ ಮೂರು ಪ್ರಶ್ನೆ ನೆನಪಿನಲ್ಲಿಟ್ಟುಕೊಳ್ಳಿ. ಕೊನೆಯವರೆಗೂ ಇವೇ ಮೂರು.

ಮೊದಲಿಗೆ, ಈ ಲೆಕ್ಕದ ಮೇಲೆ ಕಂಪನಿಗಳಿಗೆ ಇಷ್ಟು ಆಸೆ ಯಾಕೆ ಅಂತ ನೋಡೋಣ.

ಒಂದು ಬ್ರ್ಯಾಂಡ್ ಜನರ ಮನಸ್ಸಿನಲ್ಲಿ ಎಲ್ಲಿದೆ ಎಂದು ತಿಳಿಯಲು ಬಹಳ ಕಾಲದಿಂದ ಇದ್ದ ದಾರಿ ಸಮೀಕ್ಷೆ. ಫಾರಂ ಹಿಡಿದು ಮನೆಮನೆಗೆ ಹೋಗುವುದು. "ನಿಮಗೆ ಗೊತ್ತಿರುವ ಸೋಪುಗಳ ಹೆಸರು ಹೇಳಿ" ಎಂದು ಕೇಳುವುದು. ಇದಕ್ಕೆ ಹಣ ಬೇಕು. ತಿಂಗಳುಗಳು ಬೇಕು. ಮೇಲಾಗಿ, ಮನೆ ಬಾಗಿಲಿಗೆ ಬಂದವರಿಗೆ ಜನ ಚೆನ್ನಾಗಿ ಕೇಳಿಸುವ ಉತ್ತರವನ್ನೇ ಕೊಡುತ್ತಾರೆ. ಸರ್ಚ್ ಬಾಕ್ಸಿನ ಮುಂದೆ ಆ ದಾಕ್ಷಿಣ್ಯ ಇರುವುದಿಲ್ಲ. ಅಲ್ಲಿ ನಮಗೆ ಬೇಕಾದ್ದನ್ನೇ ಕೇಳುತ್ತೇವೆ.

2009ರಲ್ಲಿ ಗೂಗಲ್‌ನ ಮುಖ್ಯ ಅರ್ಥಶಾಸ್ತ್ರಜ್ಞ ಹಾಲ್ ವೇರಿಯನ್ ಮತ್ತು ಅವರ ಸಹೋದ್ಯೋಗಿ ಹ್ಯುನ್‌ಯಂಗ್ ಚೋಯ್ ಒಂದು ಪ್ರಬಂಧ ಬರೆದರು. ಅಮೆರಿಕದಲ್ಲಿ ವಾಹನ ಮಾರಾಟದ ಅಧಿಕೃತ ಅಂಕಿ ಬರುವುದು ತಿಂಗಳು ಮುಗಿದ ಮೇಲೆ. ಜನ ಏನನ್ನು ಹುಡುಕುತ್ತಿದ್ದಾರೆ ಎಂದು ನೋಡಿದರೆ ಆ ಅಂಕಿಯ ಅಂದಾಜು ಮೊದಲೇ ಸಿಗುತ್ತದೆ ಎಂದು ಅವರು ತೋರಿಸಿದರು. ನಾಳೆಯ ಭವಿಷ್ಯ ಹೇಳುವ ಆಸೆ ಅವರದಾಗಿರಲಿಲ್ಲ. ಇವತ್ತು ಏನು ನಡೆಯುತ್ತಿದೆ ಎಂಬುದನ್ನು ಇವತ್ತೇ ತಿಳಿಯುವುದು ಅವರ ಗುರಿ.

ಹನ್ನೊಂದು ವರ್ಷ ಕಳೆಯಿತು. 2020ರಲ್ಲಿ ಬ್ರಿಟನ್ನಿನ ಜಾಹೀರಾತು ತಜ್ಞ ಲೆಸ್ ಬಿನೆ ಇನ್ನೊಂದು ಮಾತು ಮುಂದಿಟ್ಟರು. ಅದರ ಹೆಸರು "ಶೇರ್ ಆಫ್ ಸರ್ಚ್". ಹುಡುಕಾಟದಲ್ಲಿ ಒಂದು ಬ್ರ್ಯಾಂಡಿಗೆ ಎಷ್ಟು ಪಾಲು ಎಂಬ ಲೆಕ್ಕ. ಅದು ತುಂಬ ಸುಲಭ. ಮೂರು ಸ್ಕೂಟರ್ ಕಂಪನಿಗಳಿವೆ ಅನ್ನೋಣ. ಒಂದನ್ನು 50 ಸಾವಿರ ಸಲ ಹುಡುಕಿದ್ದಾರೆ. ಇನ್ನೊಂದನ್ನು 30 ಸಾವಿರ ಸಲ. ಮತ್ತೊಂದನ್ನು 20 ಸಾವಿರ ಸಲ. ಒಟ್ಟು ಒಂದು ಲಕ್ಷ. ಹಾಗಾದರೆ ಮೊದಲನೆಯದರ ಪಾಲು ನೂರಕ್ಕೆ 50. ಈ ಅಂಕಿಗಳು ಉದಾಹರಣೆಗೆಂದು ನಾನೇ ಇಟ್ಟುಕೊಂಡವು.

ಬಿನೆ ಮೂರು ಬಗೆಯ ವ್ಯಾಪಾರ ತೆಗೆದುಕೊಂಡರು. ಕಾರು, ಮೊಬೈಲ್ ಫೋನ್, ಮನೆಗೆ ಗ್ಯಾಸ್ ಮತ್ತು ವಿದ್ಯುತ್ ಒದಗಿಸುವ ಕಂಪನಿಗಳು. ಹುಡುಕಾಟದ ಪಾಲು ಮತ್ತು ಮಾರುಕಟ್ಟೆಯ ಪಾಲು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಚಲಿಸುತ್ತವೆ ಎಂದು ಅವರು ಕಂಡರು. ಕಾರಿನಲ್ಲಂತೂ ಹುಡುಕಾಟ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ, ಮಾರಾಟ ಹಿಂದಿನಿಂದ ಬರುತ್ತದೆ. ಮಾರ್ಕೆಟಿಂಗ್ ವಿಭಾಗದವರಿಗೆ ಇನ್ನೇನು ಬೇಕು? ಖರ್ಚು ಕಡಿಮೆ, ಉತ್ತರ ಬೇಗ, ಪ್ರತಿಸ್ಪರ್ಧಿಯ ಸುದ್ದಿಯೂ ಸಿಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹುಡುಕಾಟದ ಲೆಕ್ಕ ಬೇಗ ಸಿಗುತ್ತದೆ, ದಾಕ್ಷಿಣ್ಯವಿಲ್ಲದೆ ಸಿಗುತ್ತದೆ. ಕೆಲವು ವ್ಯಾಪಾರಗಳಲ್ಲಿ ಅದು ಮಾರಾಟದ ಮುನ್ಸೂಚನೆಯನ್ನೂ ಕೊಡುತ್ತದೆ. ಈಗ ಮುಖ್ಯ ಪ್ರಶ್ನೆ. ಈ ಲೆಕ್ಕ ಇರುವುದು ಯಾರ ಹತ್ತಿರ?

ಪೂರ್ತಿ ಲೆಕ್ಕ ಇರುವುದು ಸರ್ಚ್ ಕಂಪನಿಯ ಹತ್ತಿರ ಮಾತ್ರ. ಭಾರತದಲ್ಲಿ ನೂರು ಹುಡುಕಾಟಗಳಲ್ಲಿ 95ಕ್ಕಿಂತ ಹೆಚ್ಚು ನಡೆಯುವುದು ಗೂಗಲ್‌ನಲ್ಲಿ. ಗೂಗಲ್ ಆ ಪೂರ್ತಿ ಖಾತೆಯನ್ನು ಹೊರಗೆ ಕೊಡುವುದಿಲ್ಲ. ವ್ಯಾಪಾರದ ಗುಟ್ಟು ಎಂಬುದು ಒಂದು ಕಾರಣ. ಇನ್ನೊಂದು ಕಾರಣಕ್ಕೆ ಒಂದು ಕಥೆಯೇ ಇದೆ.

2006ರ ಆಗಸ್ಟ್ ತಿಂಗಳು. ಅಮೆರಿಕದ ಎಒಎಲ್ ಕಂಪನಿ ಸಂಶೋಧಕರಿಗೆ ಸಹಾಯವಾಗಲಿ ಎಂದು ಮೂರು ತಿಂಗಳ ಹುಡುಕಾಟಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟಿತು. ಸುಮಾರು ಆರೂವರೆ ಲಕ್ಷ ಜನ. ಸುಮಾರು ಎರಡು ಕೋಟಿ ಹುಡುಕಾಟ. ಹೆಸರುಗಳನ್ನು ತೆಗೆದುಹಾಕಿದ್ದರು. ಹೆಸರಿನ ಜಾಗದಲ್ಲಿ ಒಂದೊಂದು ನಂಬರ್ ಇತ್ತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ನಂಬರಿನ ಹಿಂದಿದ್ದ ವಯಸ್ಸಾದ ಮಹಿಳೆಯನ್ನು ಪತ್ತೆ ಮಾಡಿದರು. ಆಕೆ ಹುಡುಕಿದ ಊರು, ಬಂಧುಗಳ ಹೆಸರು, ಕಾಯಿಲೆಗಳು ಇಷ್ಟೇ ಅವರಿಗೆ ಸಾಕಾಯಿತು. ಕಂಪನಿ ಅದಕ್ಕೂ ಮೊದಲೇ ಕ್ಷಮೆ ಕೇಳಿ ಕಡತವನ್ನು ಹಿಂದಕ್ಕೆ ತೆಗೆದುಕೊಂಡಿತ್ತು. ಅಷ್ಟರಲ್ಲಿ ಅದರ ಪ್ರತಿಗಳು ಎಲ್ಲೆಡೆ ಹರಡಿದ್ದವು. ಹುಡುಕಾಟವೆಂದರೆ ಮನುಷ್ಯನ ಖಾಸಗಿ ಬದುಕು ಎಂದು ಅವತ್ತು ಎಲ್ಲರಿಗೂ ಅರ್ಥವಾಯಿತು.

ಹೀಗಾಗಿ ಹೊರಗಿನವರಿಗೆ ಸಿಗುವುದು ಸೋಸಿದ ಲೆಕ್ಕ. ಅದು ನಾಲ್ಕು ದಾರಿಗಳಿಂದ ಬರುತ್ತದೆ. ಒಂದೊಂದೇ ನೋಡೋಣ.

ಮೊದಲನೆಯದು ಗೂಗಲ್ ಟ್ರೆಂಡ್ಸ್. 2006ರಲ್ಲಿ ಶುರುವಾದದ್ದು. ಅಲ್ಲಿ 2004ರಿಂದ ಇಲ್ಲಿಯವರೆಗಿನ ಮಾಹಿತಿ ಇದೆ. ಯಾರು ಬೇಕಾದರೂ ನೋಡಬಹುದು, ಕಾಸು ಕೊಡಬೇಕಿಲ್ಲ. ಒಂದು ಹೆಸರು ಬರೆದರೆ ಒಂದು ಗೆರೆ ಬರುತ್ತದೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಅಂಕ. ಗೆರೆ ಏರುತ್ತದೆ, ಇಳಿಯುತ್ತದೆ.

ಆ ಅಂಕಗಳು ಸೊನ್ನೆಯಿಂದ 100ರವರೆಗೆ ಇರುತ್ತವೆ. ಬಹಳ ಜನ ಎಡವುವುದು ಇಲ್ಲೇ. 100 ಎಂದರೆ ನೂರು ಜನ ಅಲ್ಲ, ನೂರು ಸಾವಿರವೂ ಅಲ್ಲ. ನೀವು ಆರಿಸಿಕೊಂಡ ಅವಧಿಯಲ್ಲಿ ಆ ಹೆಸರಿನ ಹುಡುಕಾಟ ಅತ್ಯಂತ ಹೆಚ್ಚಿದ್ದ ಹೊತ್ತಿಗೆ ಯಂತ್ರ 100 ಎಂದು ಹೆಸರಿಡುತ್ತದೆ. ಉಳಿದ ಹೊತ್ತನ್ನು ಅದಕ್ಕೆ ಹೋಲಿಸಿ ಅಂಕ ಕೊಡುತ್ತದೆ. ಚಿಕ್ಕ ಊರಿನ ಒಂದು ಬೇಕರಿಗೂ 100 ಬರಬಹುದು, ದೊಡ್ಡ ಕಾರು ಕಂಪನಿಗೂ 100 ಬರಬಹುದು. ಎರಡನ್ನೂ ಒಟ್ಟಿಗೆ ಹಾಕಿ ನೋಡಿದಾಗ ಮಾತ್ರ ಬೇಕರಿಯ ಗೆರೆ ನೆಲಕ್ಕೆ ಅಂಟಿಕೊಳ್ಳುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಟ್ರೆಂಡ್ಸ್ ತೋರಿಸುವುದು ಪ್ರಮಾಣ. ಆ ಊರಿನಲ್ಲಿ, ಆ ಹೊತ್ತಿನಲ್ಲಿ ನಡೆದ ಎಲ್ಲ ಹುಡುಕಾಟಗಳಲ್ಲಿ ನಿಮ್ಮ ಹೆಸರಿಗೆ ಎಷ್ಟು ಭಾಗ ಎಂಬುದು. ಒಂದು ಸಣ್ಣ ಲೆಕ್ಕ ಮಾಡೋಣ. ಮೊದಲು ಸಾವಿರ ಹುಡುಕಾಟದಲ್ಲಿ ನಿಮ್ಮ ಹೆಸರು 10 ಸಲ ಬರುತ್ತಿತ್ತು. ನೂರಕ್ಕೆ ಒಂದು. ಆಮೇಲೆ ಇಂಟರ್ನೆಟ್ ಅಗ್ಗವಾಯಿತು. ಹತ್ತು ಸಾವಿರ ಹುಡುಕಾಟ ನಡೆಯತೊಡಗಿತು. ಅದರಲ್ಲಿ ನಿಮ್ಮ ಹೆಸರು 50 ಸಲ ಬಂತು. ಹುಡುಕಿದ್ದು ಐದು ಪಟ್ಟು ಹೆಚ್ಚಾಯಿತು. ಆದರೆ ಪ್ರಮಾಣ ನೂರಕ್ಕೆ ಅರ್ಧ. ಗೆರೆ ಕೆಳಗಿಳಿಯಿತು! ನಮ್ಮ ದೇಶದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾದ ಬೆಲೆ ಕುಸಿಯಿತು, ಕೋಟಿಗಟ್ಟಲೆ ಹೊಸಬರು ಇಂಟರ್ನೆಟ್‌ಗೆ ಬಂದರು. ಅವರು ಸಿನಿಮಾ ಹುಡುಕಿದರು, ಹಾಡು ಹುಡುಕಿದರು, ಪರೀಕ್ಷೆಯ ಫಲಿತಾಂಶ ಹುಡುಕಿದರು. ಅಂಥ ವರ್ಷಗಳಲ್ಲಿ ಒಂದು ಬ್ರ್ಯಾಂಡಿನ ಗೆರೆ ಇಳಿದರೆ ಬ್ರ್ಯಾಂಡ್ ಸೋತಿತೆಂದು ಹೇಳುವ ಹಾಗಿಲ್ಲ. ಬಿನೆ ಪಾಲಿನ ಲೆಕ್ಕವನ್ನು ಆರಿಸಿದ್ದರ ಲಾಭ ಇಲ್ಲೇ ತಿಳಿಯುತ್ತದೆ. ಪ್ರತಿಸ್ಪರ್ಧಿಗಳ ಗೆರೆಯೂ ಅದೇ ಕಾರಣಕ್ಕೆ ಇಳಿದಿರುತ್ತದೆ. ಪಾಲು ಮಾಡಿದಾಗ ಆ ಇಳಿತ ಎರಡೂ ಕಡೆ ವಜಾ ಆಗುತ್ತದೆ.

ಟ್ರೆಂಡ್ಸ್ ಎಲ್ಲ ಹುಡುಕಾಟಗಳನ್ನೂ ಎಣಿಸುವುದಿಲ್ಲ. ಒಂದು ಮಾದರಿಯನ್ನು ಎತ್ತಿಕೊಳ್ಳುತ್ತದೆ. ಹೀಗಾಗಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಿನ ಕೇಳಿದರೆ ಉತ್ತರ ತುಸು ಬೇರೆಯಾಗುತ್ತದೆ. ಕಡಿಮೆ ಜನ ಹುಡುಕುವ ಹೆಸರಾದರೆ ಈ ಏರುಪೇರು ಜಾಸ್ತಿ. ಬಹಳ ಕಡಿಮೆಯಾದರೆ ಸೊನ್ನೆ ಎಂದೇ ತೋರಿಸುತ್ತದೆ. ಸೊನ್ನೆ ಎಂದರೆ ಯಾರೂ ಹುಡುಕಿಲ್ಲ ಎಂದಲ್ಲ. ಎಣಿಸುವಷ್ಟು ಸಿಗಲಿಲ್ಲ ಎಂದಷ್ಟೇ ಅರ್ಥ. ಒಬ್ಬನೇ ಮನುಷ್ಯ ಸ್ವಲ್ಪ ಹೊತ್ತಿನಲ್ಲಿ ಅದೇ ಹೆಸರನ್ನು ಪದೇ ಪದೇ ಹುಡುಕಿದರೆ ಅದನ್ನು ಟ್ರೆಂಡ್ಸ್ ತೆಗೆದುಹಾಕುತ್ತದೆ. ಒಂದು ಸಲಕ್ಕೆ ಕೆಲವು ಹೆಸರುಗಳನ್ನಷ್ಟೇ ಹೋಲಿಸಲು ಬಿಡುತ್ತದೆ. ಹತ್ತು ಬ್ರ್ಯಾಂಡ್ ಹೋಲಿಸಬೇಕಾದವರು ಒಂದು ಹೆಸರನ್ನು ಎಲ್ಲ ಗುಂಪಿನಲ್ಲೂ ಇಟ್ಟು, ಅದರ ಆಧಾರದ ಮೇಲೆ ಗುಂಪುಗಳನ್ನು ಜೋಡಿಸುತ್ತಾರೆ. ಗೆರೆಯ ಮೇಲೆ ಅಲ್ಲಲ್ಲಿ ಚಿಕ್ಕ ಟಿಪ್ಪಣಿಗಳೂ ಇರುತ್ತವೆ. 2016 ಮತ್ತು 2022ರ ಜನವರಿಯಲ್ಲಿ ಮಾಹಿತಿ ಸಂಗ್ರಹದ ಕ್ರಮವನ್ನು ಸುಧಾರಿಸಲಾಗಿದೆ ಎಂದು ಅವು ಹೇಳುತ್ತವೆ. ಆ ದಿನಗಳಲ್ಲಿ ಗೆರೆ ಹಾರಿದ್ದರೆ ಹಾರಿಸಿದವರು ಗ್ರಾಹಕರೇ ಎಂದು ನಂಬಲು ಬರುವುದಿಲ್ಲ.

ಟ್ರೆಂಡ್ಸ್ ಬಗ್ಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಏರಿತೋ ಇಳಿಯಿತೋ ಎಂದು ಅದು ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. "ಎಷ್ಟು" ಬೇಕೆನ್ನುವವರು ಎರಡನೆಯ ದಾರಿ ಹಿಡಿಯುತ್ತಾರೆ.

ಅದರ ಹೆಸರು ಕೀವರ್ಡ್ ಪ್ಲ್ಯಾನರ್. 2013ರಲ್ಲಿ ಈ ಹೆಸರಿನಿಂದ ಬಂತು. ಇದು ಗೂಗಲ್‌ನ ಜಾಹೀರಾತು ವ್ಯವಸ್ಥೆಯ ಒಳಗಿರುವ ಸಾಧನ. ಜಾಹೀರಾತು ಕೊಡುವವರು ಇದರೊಳಗೆ ಒಂದು ಪದ ಹಾಕುತ್ತಾರೆ. ಆ ಪದವನ್ನು ತಿಂಗಳಿಗೆ ಸರಾಸರಿ ಎಷ್ಟು ಸಲ ಹುಡುಕುತ್ತಾರೆ ಎಂದು ಇದು ಹೇಳುತ್ತದೆ. ಆ ಪದಕ್ಕೆ ಜಾಹೀರಾತು ಹಾಕಿದರೆ ಎಷ್ಟು ಖರ್ಚಾಗಬಹುದು ಎಂದೂ ಹೇಳುತ್ತದೆ.

ನಮ್ಮ ಮೂರನೆಯ ಪ್ರಶ್ನೆ ನೆನಪಿದೆಯೆ? ಯಾವ ಕೆಲಸಕ್ಕೆಂದು ಎಣಿಸಿದರು? ಇಲ್ಲಿ ಉತ್ತರ ಸ್ಪಷ್ಟವಾಗಿದೆ. ಜಾಹೀರಾತು ಮಾರುವುದಕ್ಕೆ. ಆ ಕೆಲಸಕ್ಕೆ ಸ್ಥೂಲ ಅಂಕಿ ಸಾಕು. ಹಾಗಾಗಿ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ನಡುವಿನ ಸಂಖ್ಯೆಗಳೆಲ್ಲ ಹತ್ತಿರದ ಮೆಟ್ಟಿಲಿಗೆ ಸೇರುತ್ತವೆ. 2016ರಿಂದ ಈಚೆಗೆ, ಜಾಹೀರಾತಿಗೆ ಹೆಚ್ಚು ಖರ್ಚು ಮಾಡದವರಿಗೆ ಇನ್ನೂ ಅಗಲವಾದ ಉತ್ತರ ಸಿಗುತ್ತದೆ. "ಸಾವಿರದಿಂದ ಹತ್ತು ಸಾವಿರ." "ಹತ್ತು ಸಾವಿರದಿಂದ ಒಂದು ಲಕ್ಷ." ಯೋಚನೆ ಮಾಡಿ. ಹನ್ನೆರಡು ಸಾವಿರದಿಂದ ತೊಂಬತ್ತು ಸಾವಿರಕ್ಕೆ ಬೆಳೆದ ಬ್ರ್ಯಾಂಡ್ ಕೂಡ ಈ ಲೆಕ್ಕದಲ್ಲಿ ಇದ್ದಲ್ಲೇ ಇರುತ್ತದೆ.

ಪ್ಲ್ಯಾನರ್ ಮತ್ತೊಂದು ಕೆಲಸ ಮಾಡುತ್ತದೆ. ಏಕವಚನ, ಬಹುವಚನ, ತಪ್ಪು ಕಾಗುಣಿತ, ಹತ್ತಿರದ ರೂಪ ಇವನ್ನೆಲ್ಲ ಒಂದೇ ಗುಂಪಿಗೆ ಹಾಕುತ್ತದೆ. ಜಾಹೀರಾತಿಗೆ ಅದು ಅನುಕೂಲ. ಆದರೆ ಒಂದಕ್ಕೊಂದು ಹೋಲುವ ಎರಡು ಹೆಸರುಗಳ ಲೆಕ್ಕ ಬೆರೆತುಹೋಗುವ ಅಪಾಯವೂ ಇದೆ. ಮೊದಲಿಗೆ ತೋರಿಸುವ ತಿಂಗಳ ಸರಾಸರಿಯನ್ನು ಸಾಮಾನ್ಯವಾಗಿ ಹನ್ನೆರಡು ತಿಂಗಳಿನಿಂದ ಮಾಡಿರುತ್ತಾರೆ. ದೀಪಾವಳಿಯ ಜೋರು ವ್ಯಾಪಾರವನ್ನೂ ಆಷಾಢದ ಮಂದ ವ್ಯಾಪಾರವನ್ನೂ ಕೂಡಿಸಿ ಭಾಗಿಸಿದ ಲೆಕ್ಕ ಅದು. ಇನ್ನೂ ಒಂದು ವಿಷಯ. ಇಲ್ಲಿ ಎಣಿಸುವುದು ಹುಡುಕಾಟಗಳನ್ನು. "ಇಷ್ಟು ಸಾವಿರ ಜನ" ಎಂದು ಸಭೆಯಲ್ಲಿ ಹೇಳಿದರಲ್ಲ, ಆ ಮಾತು ಅಲ್ಲಿಯೇ ದಾರಿ ತಪ್ಪಿತ್ತು. ಒಬ್ಬರೇ ಹತ್ತು ದಿನ ಹುಡುಕಿದರೂ ಅದು ಹತ್ತು ಹುಡುಕಾಟ.

ಎರಡು ದಾರಿ ಆಯಿತು. ಟ್ರೆಂಡ್ಸ್ ದಿಕ್ಕು ಹೇಳುತ್ತದೆ. ಪ್ಲ್ಯಾನರ್ ಸ್ಥೂಲವಾದ ಸಂಖ್ಯೆ ಹೇಳುತ್ತದೆ. ಮೂರನೆಯದು ನಿಮ್ಮ ಮನೆಯ ಲೆಕ್ಕ.

ಅದು ಸರ್ಚ್ ಕನ್ಸೋಲ್. ಒಂದು ವೆಬ್‌ಸೈಟ್ ಇದ್ದವರಿಗೆ ಗೂಗಲ್ ಕೊಡುವ ವರದಿ. ಯಾವ ಪದ ಹುಡುಕಿದಾಗ ನಿಮ್ಮ ಸೈಟ್ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಸಲ ಒತ್ತಿ ಒಳಗೆ ಬಂದರು ಎಂಬ ವಿವರ ಅದರಲ್ಲಿರುತ್ತದೆ. ನಿಮ್ಮದೇ ಬ್ರ್ಯಾಂಡಿನ ಹೆಸರು ಹುಡುಕಿದರೆ ನಿಮ್ಮ ಸೈಟ್ ಸಾಮಾನ್ಯವಾಗಿ ಮೇಲೆಯೇ ಬರುತ್ತದೆ. ಹಾಗಾಗಿ ಸ್ವಂತ ಹೆಸರಿನ ಮಟ್ಟಿಗೆ ಇದು ವಾಸ್ತವಕ್ಕೆ ಬಹಳ ಹತ್ತಿರ. ಆದರೆ ಇದಕ್ಕೆ ಮೂರು ಮಿತಿ ಇದೆ. ಹಿಂದಿನ 16 ತಿಂಗಳ ಲೆಕ್ಕ ಮಾತ್ರ ಉಳಿಯುತ್ತದೆ. ಅಪರೂಪದ ಹುಡುಕಾಟಗಳನ್ನು ಖಾಸಗಿತನದ ಕಾರಣಕ್ಕೆ ಮುಚ್ಚಿಡುತ್ತಾರೆ. ಮತ್ತು ಪ್ರತಿಸ್ಪರ್ಧಿಯ ಲೆಕ್ಕ ನಿಮಗೆ ಸಿಗುವುದಿಲ್ಲ. ಪ್ರತಿಸ್ಪರ್ಧಿ ಇಲ್ಲದೆ ಪಾಲು ಎಲ್ಲಿಂದ ಬಂತು?

ಪ್ರತಿಸ್ಪರ್ಧಿಯ ಲೆಕ್ಕ ಬೇಕು, ಅದೂ ಖಚಿತವಾಗಿ ಬೇಕು. ಈ ಆಸೆಯೇ ನಾಲ್ಕನೆಯ ದಾರಿಯನ್ನು ತೆರೆಯಿತು. ಇದು ಹೊರಗಿನ ಕಂಪನಿಗಳ ದಾರಿ. ಸೆಮ್‌ರಷ್, ಏಚ್‌ರೆಫ್ಸ್, ಸಿಮಿಲರ್‌ವೆಬ್ ಇಂಥ ಹೆಸರುಗಳನ್ನು ಈ ಕೆಲಸದಲ್ಲಿರುವವರು ದಿನಾ ಕೇಳುತ್ತಾರೆ. ತಿಂಗಳಿಗೆ ಇಷ್ಟು ಎಂದು ಹಣ ಕಟ್ಟಿದರೆ ಪ್ರತಿ ಪದಕ್ಕೂ ಒಂದು ಅಂಕಿ ಕೊಡುತ್ತವೆ. ಇವರಿಗೆ ಆ ಅಂಕಿ ಎಲ್ಲಿಂದ ಬರುತ್ತದೆ? ಈ ಉದ್ಯಮ ಹೆಚ್ಚಾಗಿ ನಂಬಿರುವುದು ಎರಡು ಮೂಲಗಳನ್ನು. ಒಂದು, ಈಗ ಹೇಳಿದ ಪ್ಲ್ಯಾನರ್‌ನ ಸ್ಥೂಲ ಸಂಖ್ಯೆ. ಇನ್ನೊಂದು, ಕ್ಲಿಕ್‌ಸ್ಟ್ರೀಮ್ ಎಂಬ ಮಾಹಿತಿ. ಅಂದರೆ ಕೆಲವು ಜನರ ಬ್ರೌಸರಿನಲ್ಲಿ ನಡೆದದ್ದರ ದಾಖಲೆ. ಆ ಕೆಲವರ ನಡೆಯಿಂದ ಎಲ್ಲರ ನಡೆಯನ್ನು ಅಂದಾಜು ಮಾಡುತ್ತಾರೆ.

ಆ ಕೆಲವರು ಯಾರು? 2020ರ ಜನವರಿಯಲ್ಲಿ ಇದಕ್ಕೊಂದು ಉತ್ತರ ಜಗಜ್ಜಾಹೀರಾಯಿತು. ಅವಾಸ್ಟ್ ಎಂಬುದು ಕಂಪ್ಯೂಟರಿಗೆ ವೈರಸ್ ತಗಲದಂತೆ ಕಾಯುವ ಸಾಫ್ಟ್‌ವೇರ್. ಅದೇ ಹೆಸರಿನ ಕಂಪನಿಗೆ ಜಂಪ್‌ಶಾಟ್ ಎಂಬ ಅಂಗಸಂಸ್ಥೆ ಇತ್ತು. ಅವಾಸ್ಟ್ ಹಾಕಿಕೊಂಡವರು ಏನು ಹುಡುಕಿದರು, ಯಾವ ಸೈಟಿಗೆ ಹೋದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಮಾರುತ್ತಿತ್ತು. ಸುಮಾರು 10 ಕೋಟಿ ಸಾಧನಗಳ ಮಾಹಿತಿ ತನ್ನಲ್ಲಿದೆ ಎಂದು ಅದು ಹೇಳಿಕೊಳ್ಳುತ್ತಿತ್ತು. ಪತ್ರಕರ್ತರು ಇದನ್ನು ಬಯಲಿಗೆಳೆದರು. ಕೆಲವೇ ದಿನಗಳಲ್ಲಿ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್‌ನಿಂದ ಸುಮಾರು ಒಂದು ಕೋಟಿ 65 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಕಾವಲಿಗೆಂದು ಜನ ಒಳಗೆ ಬಿಟ್ಟುಕೊಂಡ ಸಾಫ್ಟ್‌ವೇರೇ ಅವರ ಹುಡುಕಾಟವನ್ನು ಮಾರಿತ್ತು. ಜಂಪ್‌ಶಾಟ್ ಮುಚ್ಚಿದ ದಿನ ಅದರ ಮಾಹಿತಿಯನ್ನು ನೆಚ್ಚಿಕೊಂಡಿದ್ದ ಸಂಸ್ಥೆಗಳು ಬೇರೆ ಮೂಲ ಹುಡುಕಬೇಕಾಯಿತು. ವರದಿ ಓದುತ್ತಿದ್ದ ಗ್ರಾಹಕ ಕಂಪನಿಗಳಲ್ಲಿ ಎಷ್ಟು ಜನರಿಗೆ ಮೂಲ ಬದಲಾದದ್ದು ತಿಳಿದಿತ್ತು?

ಖಾಸಗಿತನದ ಮಾತು ಒಂದು ಕಡೆ ಇರಲಿ. ಅಳತೆಯ ತೊಂದರೆಯೂ ಇದೆ. ಬಾನುಲಿಯವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಕಾರ್ಯಕ್ರಮಕ್ಕೆ ಬರುವ ಪತ್ರಗಳನ್ನು ಎಣಿಸಬಹುದು. ಆದರೆ ಪತ್ರ ಬರೆಯುವವರು ಬೇರೆ, ಕೇಳುವವರು ಬೇರೆ. ಹೊಲದಲ್ಲಿ ಕಳೆ ತೆಗೆಯುತ್ತಾ ಕೇಳುವವರು, ಅಡುಗೆ ಮಾಡುತ್ತಾ ಕೇಳುವವರು ಪತ್ರ ಬರೆಯುವುದಿಲ್ಲ. ಕ್ಲಿಕ್‌ಸ್ಟ್ರೀಮ್ ಕೂಡ ಹಾಗೆಯೇ. ಕಂಪ್ಯೂಟರಿನ ಬ್ರೌಸರಿನಿಂದ ಮಾಹಿತಿ ಸುಲಭವಾಗಿ ಸಿಗುತ್ತದೆ. ನಮ್ಮ ದೇಶದ ಬಹುಪಾಲು ಜನ ಹುಡುಕುವುದು ಫೋನಿನಲ್ಲಿ.

ನಾಲ್ಕು ದಾರಿಗಳೂ ಮುಗಿದವು. ಒಮ್ಮೆ ಹಿಂದಿರುಗಿ ನೋಡೋಣ. ಟ್ರೆಂಡ್ಸ್ ಕೊಡುವುದು ಮಾದರಿಯಿಂದ ತೆಗೆದ ಪ್ರಮಾಣ. ಪ್ಲ್ಯಾನರ್ ಕೊಡುವುದು ಜಾಹೀರಾತಿಗೆಂದು ಮಾಡಿದ ಸ್ಥೂಲ ಸಂಖ್ಯೆ. ಕನ್ಸೋಲ್ ಕೊಡುವುದು ನಿಮ್ಮೊಬ್ಬರದೇ ಲೆಕ್ಕ. ಹೊರಗಿನವರು ಕೊಡುವುದು ಅಂದಾಜಿನ ಮೇಲೆ ಕಟ್ಟಿದ ಅಂದಾಜು. ಇವಲ್ಲದೆ ಜನ ಯೂಟ್ಯೂಬ್‌ನಲ್ಲಿ ಹುಡುಕುತ್ತಾರೆ, ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಹುಡುಕುತ್ತಾರೆ. ಅಮೆಜಾನ್ ತನ್ನಲ್ಲಿ ನೋಂದಾಯಿಸಿದ ಬ್ರ್ಯಾಂಡುಗಳಿಗೆ ಹುಡುಕಾಟದ ರ್‍ಯಾಂಕ್ ತೋರಿಸುತ್ತದೆ. ಯಾವ ಪದ ಮೊದಲು, ಯಾವುದು ಎರಡನೆಯದು ಎಂಬ ಪಟ್ಟಿ ಅದು. ಈಗೀಗ ಜನ ಚಾಟ್‌ಜಿಪಿಟಿಯಂಥ ಕಡೆ ನೇರವಾಗಿ ಪ್ರಶ್ನೆ ಕೇಳುತ್ತಿದ್ದಾರೆ. ಆ ಪ್ರಶ್ನೆಗಳು ಗೂಗಲ್‌ನ ಮೂರು ಲೆಕ್ಕಗಳ ಹೊರಗೇ ಉಳಿಯುತ್ತವೆ.

ಈಗ ಮುಂದಿನ ಮಾತು. ಅಂಕಿ ಸರಿಯಾಗಿಯೇ ಸಿಕ್ಕಿತು ಎಂದುಕೊಳ್ಳಿ. ಆದರೂ ಅದು ಬ್ರ್ಯಾಂಡಿನ ಅಳತೆ ಆಗುತ್ತದೆಯೆ? ಮೂರು ತೊಡಕುಗಳನ್ನು ಹೇಳುತ್ತೇನೆ. ಮೂರಕ್ಕೂ ಉದಾಹರಣೆ ನಮಗೆ ಗೊತ್ತಿರುವ ಹೆಸರುಗಳೇ.

ಮೊದಲ ತೊಡಕು, ಒಂದೇ ಹೆಸರು, ಇಬ್ಬರು ಒಡೆಯರು. ಕೆಎಸ್‌ಆರ್‌ಟಿಸಿ ಎಂದರೆ ನಮಗೆ ನಮ್ಮ ಕೆಂಪು ಬಸ್ಸು. ಗಡಿ ದಾಟಿದರೆ ಅದೇ ಅಕ್ಷರಗಳು ಕೇರಳದ ಸಾರಿಗೆ ಸಂಸ್ಥೆಯವು. ಈ ಅಕ್ಷರಗಳು ಯಾರಿಗೆ ಸೇರಿದ್ದು ಎಂದು ಎರಡೂ ರಾಜ್ಯಗಳ ನಡುವೆ ಟ್ರೇಡ್‌ಮಾರ್ಕ್ ವ್ಯಾಜ್ಯವೇ ನಡೆಯಿತು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಆದರೆ ಸರ್ಚ್ ಬಾಕ್ಸಿಗೆ ಕೋರ್ಟಿನ ಆದೇಶ ಮುಟ್ಟುವುದಿಲ್ಲ. ಓಣಂ ಹಬ್ಬದ ಮುಂಚೆ ಬೆಂಗಳೂರಿನಲ್ಲಿ ಕುಳಿತು ಒಬ್ಬರು ಆ ಅಕ್ಷರಗಳನ್ನು ಹುಡುಕಿದರೆ ಅವರಿಗೆ ಬೇಕಾದದ್ದು ಯಾವ ರಾಜ್ಯದ ಬಸ್ಸು? ಬರೀ ಪದ ಎಣಿಸುವ ಲೆಕ್ಕಕ್ಕೆ ಅದು ತಿಳಿಯದು.

ಟೈಟನ್ ಕೂಡ ಹಾಗೆಯೇ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕೈಗಡಿಯಾರದ ಕಂಪನಿ. 2023ರ ಜೂನ್‌ನಲ್ಲಿ ಟೈಟಾನಿಕ್ ಹಡಗಿನ ಅವಶೇಷ ನೋಡಲು ಐವರು ಅಟ್ಲಾಂಟಿಕ್ ಸಾಗರದ ತಳದತ್ತ ಇಳಿದರು. ಅವರ ಪುಟ್ಟ ಜಲನೌಕೆ ಒಡೆದು ಐವರೂ ತೀರಿಕೊಂಡರು. ಆ ನೌಕೆಯ ಹೆಸರೂ ಟೈಟನ್. ಆ ವಾರ ಲೋಕವೆಲ್ಲ ಆ ಹೆಸರನ್ನು ಹುಡುಕಿತು. ವಾಚಿನ ಅಂಗಡಿಗೂ ಆ ಹುಡುಕಾಟಕ್ಕೂ ಏನು ಸಂಬಂಧ? ಇದಕ್ಕೆಂದೇ ಟ್ರೆಂಡ್ಸ್‌ನಲ್ಲಿ ಪದವನ್ನು ಬಿಟ್ಟು "ವಿಷಯ"ವನ್ನು ಆರಿಸುವ ಅವಕಾಶ ಇದೆ. ಕಂಪನಿಯನ್ನು ಕಂಪನಿಯಾಗಿ ಆರಿಸಿದರೆ ನೌಕೆ ಹೊರಗುಳಿಯಬೇಕು. ಬೇರೆ ಬೇರೆ ಕಾಗುಣಿತ, ಬೇರೆ ಬೇರೆ ಭಾಷೆ ಒಟ್ಟಿಗೆ ಸೇರಬೇಕು. ಕನ್ನಡದವರಿಗೆ ಇದು ಮುಖ್ಯ. ನಾವು ಒಂದೇ ಹೆಸರನ್ನು ಕನ್ನಡದಲ್ಲೂ ಬರೆಯುತ್ತೇವೆ, ಇಂಗ್ಲಿಷ್ ಅಕ್ಷರದಲ್ಲೂ ಬರೆಯುತ್ತೇವೆ, ನಾಲ್ಕು ಕಾಗುಣಿತದಲ್ಲಿ ಬರೆಯುತ್ತೇವೆ. ಆದರೆ ಯಾವುದು ಯಾವ ವಿಷಯಕ್ಕೆ ಸೇರಬೇಕೆಂದು ತೀರ್ಮಾನಿಸುವುದು ಯಂತ್ರ. ಅದರ ತೀರ್ಮಾನವನ್ನು ಪರೀಕ್ಷಿಸುವ ಕೆಲಸ ನಮ್ಮದು.

ಹೆಸರಿನ ತೊಡಕು ಹೀಗೆ. ಎರಡನೆಯದು ಉದ್ದೇಶದ ತೊಡಕು. ಜನ ಹುಡುಕಿದ್ದು ಯಾಕೆ?

2015ರ ಬೇಸಗೆ ನೆನಪು ಮಾಡಿಕೊಳ್ಳಿ. ಮ್ಯಾಗಿ ನೂಡಲ್ಸ್‌ನಲ್ಲಿ ಸೀಸದ ಅಂಶ ಮಿತಿ ಮೀರಿದೆ ಎಂದು ಪ್ರಯೋಗಾಲಯದ ವರದಿ ಬಂತು. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಲು ಆದೇಶಿಸಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಮತ್ತೆ ಪರೀಕ್ಷೆ ಮಾಡಿಸಿ ಎಂದಿತು. ನವೆಂಬರ್‌ನಲ್ಲಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು. ಜೂನ್ ತಿಂಗಳಿನ ಹುಡುಕಾಟದ ಗೆರೆ ನೋಡಿದರೆ ಅದು ಕಡಿದಾಗಿ ಮೇಲೇರುತ್ತದೆ. ಅಂಗಡಿಯ ಶೆಲ್ಫಿನಲ್ಲಿ ಒಂದು ಪ್ಯಾಕೆಟ್ ಇಲ್ಲ. ಹುಡುಕಾಟದ ಪಾಲು ಮಾತ್ರ ಆಕಾಶದಲ್ಲಿ! ಆ ತಿಂಗಳ ಅಂಕಿಯನ್ನು ಸುದ್ದಿ ಗೊತ್ತಿಲ್ಲದವರ ಕೈಗೆ ಕೊಟ್ಟರೆ ಏನೆಂದು ಓದುತ್ತಾರೆ?

ಉದ್ದೇಶದ ತೊಡಕು ಯಾವಾಗಲೂ ಇಷ್ಟು ದೊಡ್ಡದಾಗಿ ಇರಬೇಕೆಂದಿಲ್ಲ. ಬ್ಯಾಂಕಿನ ಹೆಸರನ್ನು ಹುಡುಕುವವರಲ್ಲಿ ಬಹಳ ಜನ ಹಳೆಯ ಗ್ರಾಹಕರು. ನೆಟ್ ಬ್ಯಾಂಕಿಂಗ್‌ಗೆ ಹೋಗಲು ಹೆಸರು ಬರೆಯುತ್ತಾರೆ. ಇನ್ನು ಕೆಲವರು ದೂರು ಹೇಳಲು ಫೋನ್ ನಂಬರ್ ಹುಡುಕುತ್ತಾರೆ. ನಾಳೆ ಅದೇ ಬ್ಯಾಂಕ್ ಒಳ್ಳೆಯ ಆ್ಯಪ್ ತಂದರೆ ಈ ಹುಡುಕಾಟ ಕಡಿಮೆಯಾಗುತ್ತದೆ. ಸೇವೆ ಸುಧಾರಿಸಿತು, ಗೆರೆ ಇಳಿಯಿತು.

ಹೆಸರು ಆಯಿತು, ಉದ್ದೇಶ ಆಯಿತು. ಮೂರನೆಯದು, ಹುಡುಕದೆಯೇ ಕೊಳ್ಳುವ ವಸ್ತುಗಳು.

ನಂದಿನಿ ಹಾಲನ್ನು ತೆಗೆದುಕೊಳ್ಳಿ. ಅದನ್ನು ಮಾರುವ ಕರ್ನಾಟಕ ಹಾಲು ಮಹಾಮಂಡಳ 2024ರಲ್ಲಿ ದಿನಕ್ಕೆ ಸುಮಾರು ಒಂದು ಕೋಟಿ ಲೀಟರ್ ಹಾಲು ಸಂಗ್ರಹಿಸಿದ ದಿನಗಳಿದ್ದವು. ಬೆಳಿಗ್ಗೆ ಆರು ಗಂಟೆಗೆ ಬೂತಿಗೆ ಹೋಗುವವರು ಗೂಗಲ್ ಮಾಡಿ ಹೋಗುತ್ತಾರೆಯೆ? ಕೈ ತಾನಾಗಿ ನೀಲಿ ಪ್ಯಾಕೆಟ್ಟಿಗೆ ಹೋಗುತ್ತದೆ. ಅಷ್ಟು ಗಟ್ಟಿಯಾದ ಅಭ್ಯಾಸ ಹುಡುಕಾಟದಲ್ಲಿ ಕಾಣುವುದಿಲ್ಲ. 2023ರ ಏಪ್ರಿಲ್‌ನಲ್ಲಿ, ವಿಧಾನಸಭೆ ಚುನಾವಣೆಯ ಹೊಸ್ತಿಲಲ್ಲಿ, ಅಮುಲ್ ಹಾಲು ಬೆಂಗಳೂರಿಗೆ ಬರುತ್ತದೆ ಎಂಬ ಪ್ರಕಟಣೆ ಹೊರಬಿತ್ತು. ನಂದಿನಿ ಉಳಿಸಿ ಎಂಬ ಕೂಗು ಎದ್ದಿತು. ಎರಡೂ ಹೆಸರು ಎಲ್ಲ ಸುದ್ದಿಯಲ್ಲೂ ಇದ್ದವು. ಆ ವಾರ ಈ ಹೆಸರುಗಳನ್ನು ಹುಡುಕಿದವರಲ್ಲಿ ಹಾಲು ಬೇಕಾಗಿದ್ದವರು ಎಷ್ಟು, ರಾಜಕೀಯ ಬೇಕಾಗಿದ್ದವರು ಎಷ್ಟು? ಕಾರು, ಫೋನು ಇವೆಲ್ಲ ದುಬಾರಿ ವಸ್ತುಗಳು. ವಿಚಾರಿಸಿ ಕೊಳ್ಳುವಂಥವು. ಬಿನೆ ಆರಿಸಿಕೊಂಡದ್ದು ಅಂಥವನ್ನೇ. ಉಪ್ಪು, ಹಾಲು, ಬೆಂಕಿಪೊಟ್ಟಣಕ್ಕೆ ಅದೇ ಸೂತ್ರ ಹಚ್ಚುವ ಮುಂಚೆ ಎರಡು ಸಲ ಯೋಚಿಸಬೇಕು.

ಈ ತೊಡಕುಗಳು ದೊಡ್ಡವರನ್ನೂ ಬಿಟ್ಟಿಲ್ಲ. ಗೂಗಲ್ 2008ರಲ್ಲಿ ಫ್ಲೂ ಜ್ವರವನ್ನು ಹುಡುಕಾಟದಿಂದಲೇ ಅಳೆಯುವ ಸೇವೆ ತೆರೆಯಿತು. ಜ್ವರದ ಲಕ್ಷಣ ಹುಡುಕಿದವರು ಹೆಚ್ಚಾದರೆ ಜ್ವರ ಹೆಚ್ಚಾಗಿದೆ ಎಂಬ ಊಹೆ. ಮೊದಮೊದಲು ಅದು ಭರವಸೆ ಮೂಡಿಸಿತು. 2012ರ ಕೊನೆಯ ಚಳಿಗಾಲದಲ್ಲಿ ಅದರ ಅಂದಾಜು ಅಮೆರಿಕದ ಆರೋಗ್ಯ ಇಲಾಖೆಯ ಅಂಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟಾಯಿತು. 2014ರಲ್ಲಿ ಸಂಶೋಧಕರು ಕಾರಣ ವಿವರಿಸಿದರು. ಸರ್ಚ್ ವ್ಯವಸ್ಥೆಯೇ ನಡುವೆ ಬದಲಾಗಿತ್ತು. ಹುಡುಕುವವರಿಗೆ ಅದು ತಾನಾಗಿ ಸಂಬಂಧಿತ ಪದಗಳನ್ನು ಸೂಚಿಸತೊಡಗಿತ್ತು. ಸುದ್ದಿ ನೋಡಿ ಹೆದರಿದ ಆರೋಗ್ಯವಂತರು ಹುಡುಕುವ ಸಾಧ್ಯತೆಯೂ ಇತ್ತು. 2015ರಲ್ಲಿ ಆ ಸೇವೆ ನಿಂತಿತು. ಪೂರ್ತಿ ಲೆಕ್ಕ ಕೈಯಲ್ಲಿದ್ದವರಿಗೇ ಹೀಗಾಯಿತು. ಸೋಸಿದ ಲೆಕ್ಕ ಹಿಡಿದವರು ಇನ್ನಷ್ಟು ಎಚ್ಚರವಾಗಿರಬೇಕಲ್ಲವೆ?

ಹಾಗಾದರೆ ಈ ಲೆಕ್ಕವನ್ನು ಬಿಟ್ಟುಬಿಡೋಣವೆ? ಬೇಡ. ಬಳಸುವ ಕ್ರಮ ಇದೆ. ನಿಮ್ಮದು ಚನ್ನಪಟ್ಟಣದ ಬೊಂಬೆಯ ಚಿಕ್ಕ ಉದ್ಯಮ ಇರಲಿ, ಧಾರವಾಡದ ಪೇಡೆಯ ಅಂಗಡಿ ಇರಲಿ, ನೀವೇ ಮಾಡಬಹುದು.

ಮೊದಲು ನಿಮ್ಮ ವ್ಯಾಪಾರದಲ್ಲಿ ಯಾರು ಯಾರು ಇದ್ದಾರೆ ಎಂದು ಪಟ್ಟಿ ಮಾಡಿ. ಒಬ್ಬ ಪ್ರತಿಸ್ಪರ್ಧಿಯನ್ನು ಬಿಟ್ಟರೂ ಉಳಿದವರ ಪಾಲು ಸುಳ್ಳೇ ಹಿಗ್ಗುತ್ತದೆ. ಪ್ರತಿ ಹೆಸರಿನ ಎಲ್ಲ ಕಾಗುಣಿತವನ್ನೂ ಬರೆದಿಟ್ಟುಕೊಳ್ಳಿ. ಎಲ್ಲರಿಗೂ ಒಂದೇ ಮೂಲ, ಒಂದೇ ಪ್ರದೇಶ, ಒಂದೇ ಅವಧಿ ಇರಲಿ. ಒಬ್ಬರಿಗೆ ಟ್ರೆಂಡ್ಸ್, ಇನ್ನೊಬ್ಬರಿಗೆ ಪ್ಲ್ಯಾನರ್ ಬೇಡ. ಟ್ರೆಂಡ್ಸ್‌ನ ಗೆರೆಯನ್ನು ಬೇರೆ ಬೇರೆ ದಿನ ತೆಗೆದು ಸರಾಸರಿ ಮಾಡಿ. ಗೆರೆ ಜಿಗಿದ ಕಡೆಯಲ್ಲೆಲ್ಲ ಆ ವಾರದ ಪತ್ರಿಕೆ ತೆಗೆದು ನೋಡಿ. ಸುದ್ದಿಯಿಂದ ಬಂದ ಜಿಗಿತವನ್ನು ಬೇರೆ ಇಡಿ. ಕೊನೆಯದಾಗಿ, ಪಾಲಿನ ಗೆರೆಯ ಪಕ್ಕದಲ್ಲಿ ನಿಮ್ಮ ಮಾರಾಟದ ಗೆರೆಯನ್ನೂ ಬರೆಯಿರಿ. ಎರಡು ಮೂರು ವರ್ಷ ಇವು ಜೊತೆಯಾಗಿ ನಡೆದರೆ ನಿಮ್ಮ ವ್ಯಾಪಾರಕ್ಕೆ ಹುಡುಕಾಟ ಒಂದು ಅಳತೆ ಎಂದು ಒಪ್ಪಬಹುದು. ನಡೆಯದಿದ್ದರೆ ಅದನ್ನು ಬದಿಗಿಟ್ಟು, ಕೌಂಟರಿಗೆ ಬಂದವರನ್ನೇ "ನಮ್ಮ ಅಂಗಡಿ ಹೇಗೆ ಗೊತ್ತಾಯಿತು" ಎಂದು ಕೇಳುವುದು ಲೇಸು.

ಹೊರಗಿನ ಸಂಸ್ಥೆಯಿಂದ ವರದಿ ಕೊಳ್ಳುವವರಿದ್ದರೆ ಹಣ ಕೊಡುವ ಮುಂಚೆ ನಮ್ಮ ಮೂರು ಪ್ರಶ್ನೆ ಕೇಳಿ. ಎಣಿಸಿದವರು ಯಾರು? ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು? ಯಾವ ಕೆಲಸಕ್ಕೆಂದು ಎಣಿಸಿದರು? ಉತ್ತರವನ್ನು ಬರೆದು ಕೊಡಲು ಹೇಳಿ. ಮೂಲ ಬದಲಾದರೆ ತಿಳಿಸುತ್ತೇವೆ ಎಂಬ ಮಾತನ್ನೂ ಆ ಕಾಗದದಲ್ಲಿ ಸೇರಿಸಿ. ಆ ಒಂದು ಸಾಲು ಇಲ್ಲದೆ ಈ ವರ್ಷದ ಅಂಕಿಯನ್ನು ಮುಂದಿನ ವರ್ಷದ ಅಂಕಿಯ ಪಕ್ಕ ಇಡಲು ಬರುವುದಿಲ್ಲ.